ಕಡ್ಡಿ ಎತ್ತುವ ಹೊತ್ತು

ಗಾಲ್ಫ್ ಆಡುವವರು ಗುರಿಗೆ ಮುಖ ಮಾಡಿ ನಿಲ್ಲುವುದಿಲ್ಲ. ಕ್ರಿಕೆಟ್ ಬ್ಯಾಟರ್‌ನಂತೆ ಪಕ್ಕಕ್ಕೆ ತಿರುಗಿ ನಿಲ್ಲುತ್ತಾರೆ. ಬಲಗೈ ಆಟಗಾರನಾದರೆ ಚೆಂಡು ಅವನ ಪಾದಗಳ ಮುಂದೆ ನೆಲದ ಮೇಲಿರುತ್ತದೆ, ಗುರಿ ಎಡಗಡೆ ದೂರದಲ್ಲೆಲ್ಲೋ ಇರುತ್ತದೆ. ಹೀಗೆ ನಿಂತಾಗ ಕಣ್ಣು ಸುಲಭವಾಗಿ ಮೋಸಹೋಗುತ್ತದೆ. ನೆಟ್ಟಗೆ ನಿಂತಿದ್ದೇನೆ ಅಂದುಕೊಂಡವನ ಭುಜ ಬೇರೆ ಕಡೆ ತಿರುಗಿರುತ್ತದೆ. ಲೆಕ್ಕ ಹಾಕಿದರೆ ಇದರ ಬೆಲೆ ಗೊತ್ತಾಗುತ್ತದೆ. ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೂ 150 ಮೀಟರ್ ದೂರದಲ್ಲಿ ಚೆಂಡು ಎರಡೂವರೆ ಮೀಟರ್‌ಗಿಂತ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ಹಸಿರು ಹಾಸಿನ ಮೇಲೆ 3 ಮೀಟರ್ ದೂರದಿಂದ ಮೆಲ್ಲನೆ ತಳ್ಳುವಾಗಲೂ ಅದೇ ಒಂದು ಡಿಗ್ರಿ 5 ಸೆಂಟಿಮೀಟರ್‌ನಷ್ಟು ವ್ಯತ್ಯಾಸ ಮಾಡುತ್ತದೆ. ಗುಳಿಯ ವ್ಯಾಸ 108 ಮಿಲಿಮೀಟರ್. ಅಂದರೆ ನಡುವಿಗೆ ಹೋಗಬೇಕಾದ ಚೆಂಡು ಅಂಚಿಗೆ ಬಂದು ನಿಂತಂತಾಯಿತು.

ಅದಕ್ಕೇ ಆಟಗಾರರು ಅಭ್ಯಾಸದ ಮೈದಾನದಲ್ಲಿ ನೆಲದ ಮೇಲೆ ಎರಡು ಉದ್ದನೆಯ ಕಡ್ಡಿ ಇಟ್ಟುಕೊಳ್ಳುತ್ತಾರೆ. ಒಂದು ಚೆಂಡಿನಿಂದ ಗುರಿಯತ್ತ, ಇನ್ನೊಂದು ಪಾದದ ತುದಿಗೆ ತಾಗಿದಂತೆ ಅದಕ್ಕೆ ಸಮಾಂತರವಾಗಿ. ರೈಲು ಹಳಿಯ ಹಾಗೆ. ಅಂಗಡಿಯಲ್ಲಿ ಇದನ್ನು ಅಲೈನ್‌ಮೆಂಟ್ ಸ್ಟಿಕ್ ಎಂದು ಮಾರುತ್ತಾರೆ. ನಾವು ಕ್ಯಾಡಿಗಳು ಅದನ್ನು ಕಡ್ಡಿ ಎಂದೇ ಕರೆಯುತ್ತಿದ್ದೆವು. ಪಿಯುಸಿ ಮುಗಿದ ಮೇಲೆ, ಈ ಕೋರ್ಸಿಗೆ ಸೇರುವ ಮೊದಲು, ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಎರಡು ವರ್ಷ ಚೀಲ ಹೊತ್ತವನು ನಾನು. ಈ ಸಂಚಿಕೆಗೆ ಗಾಲ್ಫ್ ಯಾಕೆ ಬಂತು ಎಂದು ಕೇಳುವವರಿಗೆ ಉತ್ತರ ಇಷ್ಟೇ: ಈ ಸಲದ ಬೋಧನಾಭ್ಯಾಸದಲ್ಲಿ ಹತ್ತನೆಯ ತರಗತಿಗೆ ‘ಬೆಳಕು’ ಘಟಕ ಮಾಡುವಾಗ ಎದುರಾದ ಪ್ರಶ್ನೆಗೆ ನನಗೆ ಗೊತ್ತಿದ್ದ ಅತ್ಯಂತ ಸ್ಪಷ್ಟವಾದ ಉತ್ತರ ಆ ಆಟದ ನಿಯಮಾವಳಿಯಲ್ಲಿತ್ತು.

ಮೊದಲು ನಿಯಮ ನೋಡೋಣ. ಗಾಲ್ಫ್‌ನ ಮೊತ್ತಮೊದಲ ಲಿಖಿತ ನಿಯಮಗಳು 1744ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಬರೆದವು. ಆಗ ಇದ್ದದ್ದು ಹದಿಮೂರೇ ನಿಯಮ. ಈಗಿನ ನಿಯಮಾವಳಿಯನ್ನು ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಎಂಬ ಎರಡು ಸಂಸ್ಥೆಗಳು ಸೇರಿ ರೂಪಿಸುತ್ತವೆ. ಅದರ 10.2ಬಿ ಭಾಗ ದಿಕ್ಕು ಹಿಡಿಯುವ ಸಹಾಯದ ಬಗ್ಗೆ ಹೇಳುತ್ತದೆ. ಪಾದವನ್ನೋ ಮೈಯನ್ನೋ ಸರಿಯಾದ ದಿಕ್ಕಿಗೆ ಹೊಂದಿಸಿಕೊಳ್ಳಲು ನೆಲದ ಮೇಲೆ ಯಾವ ವಸ್ತುವನ್ನೂ ಇಟ್ಟು, ಅದನ್ನು ನೋಡಿಕೊಂಡು ಹೊಡೆತಕ್ಕೆ ನಿಲ್ಲುವಂತಿಲ್ಲ. ಕಡ್ಡಿಯಾದರೂ ಅಷ್ಟೆ, ಕೈಯಲ್ಲಿರುವ ಇನ್ನೊಂದು ಗಾಲ್ಫ್ ಕೋಲನ್ನೇ ಮಲಗಿಸಿದರೂ ಅಷ್ಟೆ. ಇದಕ್ಕೆ ಸ್ಟ್ರೋಕ್ ಆಟದಲ್ಲಿ ಎರಡು ಹೊಡೆತದ ದಂಡ, ಮ್ಯಾಚ್ ಆಟದಲ್ಲಿ ಆ ಗುಳಿಯೇ ಹೋಯಿತು. ಒಮ್ಮೆ ಹಾಗೆ ನಿಂತ ಮೇಲೆ ಹಿಂದೆ ಸರಿದು, ವಸ್ತುವನ್ನು ಎತ್ತಿಟ್ಟು ಮತ್ತೆ ನಿಂತರೂ ದಂಡ ತಪ್ಪುವುದಿಲ್ಲ. ಕಣ್ಣಿಗೆ ಸಿಗಬೇಕಾದದ್ದು ಆಗಲೇ ಸಿಕ್ಕಿಬಿಟ್ಟಿದೆ ಎಂಬುದು ಅದರ ತರ್ಕ.

ಹಾಗೆಂದು ನಿಯಮ ಎಲ್ಲ ಸಹಾಯಕ್ಕೂ ವಿರೋಧಿಯಲ್ಲ. ಚೆಂಡಿನ ಮೇಲೆ ಗೆರೆ ಎಳೆದುಕೊಳ್ಳಬಹುದು. ಗುಳಿಯ ಸುತ್ತಲಿನ ಹಸಿರು ಹಾಸಿನ ಮೇಲೆ, ಚೆಂಡಿದ್ದ ಜಾಗಕ್ಕೆ ಮೊದಲು ಗುರುತಿಟ್ಟು, ಚೆಂಡನ್ನೆತ್ತಿ, ಆ ಗೆರೆ ಗುರಿಯ ಕಡೆಗೆ ಬರುವಂತೆ ತಿರುಗಿಸಿ ಇಡಬಹುದು. ಕೋಲಿನ ತಲೆಯನ್ನು ಚೆಂಡಿನ ಹಿಂದೆ ನೆಲಕ್ಕೂರಿ ಅದಕ್ಕೆ ತಕ್ಕಂತೆ ಪಾದ ಜೋಡಿಸಬಹುದು. ಚೆಂಡಿನ ಹಿಂದೆ ಹೋಗಿ ನಿಂತು, ಒಂದೆರಡು ಅಡಿ ಮುಂದೆ ಮೊದಲೇ ಬಿದ್ದಿರುವ ಒಂದು ಎಲೆಯನ್ನೋ ಕಿತ್ತ ಹುಲ್ಲಿನ ಗುರುತನ್ನೋ ಕಣ್ಣಲ್ಲಿ ಹಿಡಿದುಕೊಳ್ಳಬಹುದು. ಜ್ಯಾಕ್ ನಿಕ್ಲಾಸ್ ಅವರಂಥ ದೊಡ್ಡ ಆಟಗಾರರು ದಿಕ್ಕು ಹಿಡಿಯುತ್ತಿದ್ದದ್ದು ಹೀಗೆಯೇ. ಕಡ್ಡಿಯನ್ನು ಚೀಲದಲ್ಲಿ ಇಟ್ಟುಕೊಂಡು ಓಡಾಡುವುದಕ್ಕೂ ತಡೆಯಿಲ್ಲ. ತಡೆ ಇರುವುದು ಹೊಡೆತದ ಹೊತ್ತಿನಲ್ಲಿ ಅದನ್ನು ಬಳಸುವುದಕ್ಕೆ.

ಕ್ಯಾಡಿಗೂ ಇದೇ ಮಿತಿ. ಆಟಗಾರ ಹೊಡೆತಕ್ಕೆ ನಿಲ್ಲಲು ಶುರುಮಾಡಿದ ಮೇಲೆ ಕ್ಯಾಡಿ ಬೇಕೆಂದೇ ಚೆಂಡಿನ ಹಿಂದೆ ಗುರಿರೇಖೆಯಲ್ಲಿ ನಿಲ್ಲಬಾರದು ಎಂಬ ನಿಯಮ 2019ರಲ್ಲಿ ಬಂತು. ಆ ಜನವರಿಯಲ್ಲೇ ದುಬೈನ ಟೂರ್ನಿಯಲ್ಲಿ ಚೀನಾದ ಹಾವೊಟಾಂಗ್ ಲಿ ಕೊನೆಯ ಗುಳಿಗೆ ಚೆಂಡು ಹಾಕಿ ಮುಗಿಸಿದ ಮೇಲೆ, ಕ್ಯಾಡಿ ಹಿಂದೆ ನಿಂತಿದ್ದ ಎಂಬ ಕಾರಣಕ್ಕೆ ಎರಡು ಹೊಡೆತದ ದಂಡ ತೆತ್ತರು. ಮೂರನೆಯ ಸ್ಥಾನದ ಸಾಲಿನಿಂದ ಹನ್ನೆರಡನೆಯ ಸಾಲಿಗೆ ಇಳಿದರು. ಇದು ಅತಿಯಾಯಿತು ಎಂದು ಬಹಳ ಜನ ಹೇಳಿದರು. ಮುಂದಿನ ತಿಂಗಳೇ ಎರಡೂ ಸಂಸ್ಥೆಗಳು ಸ್ಪಷ್ಟೀಕರಣ ಕೊಟ್ಟು, ಆಟಗಾರ ಹಿಂದೆ ಸರಿದು, ಕ್ಯಾಡಿ ಪಕ್ಕಕ್ಕೆ ಹೋದ ಮೇಲೆ ಮತ್ತೆ ನಿಂತರೆ ದಂಡವಿಲ್ಲ ಎಂದವು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರಿಗೆ ಅಲ್ಲಿ ಕ್ಯಾಡಿ ಆಗಿದ್ದವರು ಅವರ ತಾಯಿ. ಚೀಲ ಹೊರಬಹುದು, ಗಾಳಿ ಎತ್ತ ಬೀಸುತ್ತಿದೆ ಎಂದು ಹೇಳಬಹುದು, ಯಾವ ಕೋಲು ಎಂದು ಚರ್ಚಿಸಬಹುದು. ಮಗಳು ಹೊಡೆತಕ್ಕೆ ನಿಂತಳೆಂದರೆ ತಾಯಿಯಾದರೂ ಆ ರೇಖೆಯಿಂದ ಪಕ್ಕಕ್ಕೆ ಸರಿಯಬೇಕು.

ಇಷ್ಟು ಸ್ಪರ್ಧೆಯ ಮಾತಾಯಿತು. ನಾನು ಹೆಚ್ಚಾಗಿ ನೋಡಿದ್ದು ಸ್ಪರ್ಧೆಯನ್ನಲ್ಲ, ಭಾನುವಾರದ ಆಟವನ್ನು. ನಾಲ್ವರು ಸ್ನೇಹಿತರು ಬೆಳಿಗ್ಗೆ ಆರೂವರೆಗೆ ಬರುತ್ತಾರೆ. ಸೋತವರು ತಿಂಡಿ ಕೊಡಿಸಬೇಕು, ಅಷ್ಟೇ ಪಣ. ಒಮ್ಮೆ ಒಬ್ಬರು ಮೂರನೆಯ ಗುಳಿಯ ಹೊತ್ತಿಗೆ ಚೀಲದಿಂದ ಕಡ್ಡಿ ತೆಗೆದು ನೆಲಕ್ಕಿಟ್ಟರು. ಇನ್ನೊಬ್ಬರು ಏನೂ ಹೇಳಲಿಲ್ಲ, ಆದರೆ ಮುಖ ಗಂಟಿಕ್ಕಿತು. ಆಮೇಲಿನ ಎರಡು ಗಂಟೆ ಅವರ ನಡುವೆ ಮಾತು ಕಡಿಮೆಯಾಯಿತು. ಆಟ ಮುಗಿದ ಮೇಲೆ ನಮ್ಮ ಹಿರಿಯ ಕ್ಯಾಡಿ ನನಗೆ ಹೇಳಿದ್ದು ಇದು: “ಕಡ್ಡಿ ಇಡೋದ್ರಲ್ಲಿ ಏನೂ ಇಲ್ಲ ಕಣೋ. ಮೊದಲ್ನೇ ಗುಳಿ ಆಡೋಕ್ ಮುಂಚೇನೇ ಹೇಳ್ಬಿಡ್ಬೇಕು, ಇವತ್ತು ನಾನು ಕಲಿಯೋಕ್ ಬಂದಿದೀನಿ ಅಂತ. ನಡುವಲ್ಲಿ ತೆಗೆದ್ರೆ ಅದು ಬೇರೆ ಆಗುತ್ತೆ.”

ಭಾನುವಾರದ ಆಟದ ಮರ್ಯಾದೆಯೆಲ್ಲ ಆ ಮಾತಿನಲ್ಲಿದೆ. ಲೆಕ್ಕ ಇಡದ ಆಟದಲ್ಲಿ ಜೊತೆಗಾರರು ಒಪ್ಪಿದರೆ ಕಡ್ಡಿ ಇಟ್ಟುಕೊಂಡರೆ ಯಾರದೂ ಗಂಟು ಹೋಗುವುದಿಲ್ಲ. ಆದರೆ ಆ ದಿನದ ಅಂಕವನ್ನು ಹ್ಯಾಂಡಿಕ್ಯಾಪ್‌ಗೆ ಬರೆಸುವುದಾದರೆ ಅದು ನಿಯಮದ ಪ್ರಕಾರವೇ ಆಡಿದ ಆಟವಾಗಿರಬೇಕು, ಯಾಕೆಂದರೆ ಹ್ಯಾಂಡಿಕ್ಯಾಪ್ ಎಂಬುದು ಮುಂದೆ ಎದುರಾಗುವ ಪರಿಚಯವಿಲ್ಲದ ಆಟಗಾರನ ಜೊತೆ ನಾವು ಮಾಡಿಕೊಳ್ಳುವ ಒಪ್ಪಂದ. ಕಡ್ಡಿ ಜೋಡಿಸುತ್ತಾ ಹಿಂದಿನ ಗುಂಪನ್ನು ಕಾಯಿಸಬಾರದು. ಒಂದು ಹೊಡೆತಕ್ಕೆ 40 ಸೆಕೆಂಡು ಸಾಕು ಎಂದು ನಿಯಮಾವಳಿಯೇ ಸಲಹೆ ಕೊಡುತ್ತದೆ. ಹಸಿರು ಹಾಸಿಗೆ ಚುಚ್ಚಬಾರದು. ಮರೆತು ಬಿಟ್ಟುಹೋಗಬಾರದು. ಇನ್ನೊಬ್ಬರು ಕೇಳದೆ ಅವರ ಪಾದದ ಮುಂದೆ ಕಡ್ಡಿ ಇಟ್ಟು ಪಾಠ ಹೇಳಬಾರದು. ಪ್ರಾಮಾಣಿಕತೆ, ಜೊತೆಗಾರರ ಬಗ್ಗೆ ಕಾಳಜಿ, ಮೈದಾನದ ಬಗ್ಗೆ ಕಾಳಜಿ, ಈ ಮೂರನ್ನೂ 2019ರ ನಂತರ ನಿಯಮಾವಳಿಯ ಮೊದಲ ನಿಯಮದೊಳಗೇ ಸೇರಿಸಿದ್ದಾರೆ.

ಈಗ ತರಗತಿಗೆ ಬರುತ್ತೇನೆ. ಹತ್ತನೆಯ ತರಗತಿಯ ವಕ್ರೀಭವನದ ಚಟುವಟಿಕೆ ಎಲ್ಲರಿಗೂ ಗೊತ್ತಿರುವುದೇ. ಆಯತಾಕಾರದ ಗಾಜಿನ ಚಪ್ಪಡಿಯನ್ನು ಬಿಳಿ ಹಾಳೆಯ ಮೇಲಿಟ್ಟು, ಒಂದು ಬದಿಯಲ್ಲಿ ಎರಡು ಗುಂಡುಸೂಜಿ ಚುಚ್ಚಬೇಕು. ಎದುರು ಬದಿಯಿಂದ ಗಾಜಿನ ಮೂಲಕ ನೋಡುತ್ತಾ, ಆ ಎರಡು ಸೂಜಿಗಳ ಬಿಂಬದೊಂದಿಗೆ ಒಂದೇ ನೇರದಲ್ಲಿ ಕಾಣುವಂತೆ ಇನ್ನೆರಡು ಸೂಜಿ ಚುಚ್ಚಬೇಕು. ಆಮೇಲೆ ಗೆರೆ ಎಳೆದು ಕೋನ ಅಳೆಯುವುದು. ಗೆರೆ, ಕೋನ ಎಲ್ಲ ಮಕ್ಕಳಿಗೆ ಬರುತ್ತದೆ. ಕಷ್ಟ ಇರುವುದು ನಡುವಿನ ಹೆಜ್ಜೆಯಲ್ಲಿ. ಒಂದು ಕಣ್ಣು ಮುಚ್ಚಿ, ತಲೆಯನ್ನು ಮೇಜಿನ ಮಟ್ಟಕ್ಕೆ ತಗ್ಗಿಸಿ, ನಾಲ್ಕೂ ಸೂಜಿ ಒಂದೇ ಸೂಜಿಯಾಗಿ ಕಾಣುವವರೆಗೆ ಸರಿಹೊಂದಿಸುವುದು. ಅದು ದಿಕ್ಕು ಹಿಡಿಯುವ ಕೆಲಸ, ಗಾಲ್ಫ್ ಆಟಗಾರ ಮಾಡುವಂಥದ್ದೇ.

ಇದಕ್ಕಾಗಿ ನಾನು ಮತ್ತು ಸಮಾಂತರ ವಿಭಾಗಕ್ಕೆ ಪಾಠ ಮಾಡುತ್ತಿದ್ದ ನನ್ನ ಸಹಪಾಠಿ ಸೇರಿ ಒಂದು ಗೆರೆಹಾಳೆ ತಯಾರಿಸಿದ್ದೆವು. ಚಪ್ಪಡಿಯ ಚೌಕಟ್ಟು, 30 ಡಿಗ್ರಿಯ ಪತನ ಕಿರಣ, ಗಾಜಿನೊಳಗೆ ಸುಮಾರು ಹತ್ತೊಂಬತ್ತೂವರೆ ಡಿಗ್ರಿಯ ವಕ್ರಿಮ ಕಿರಣ, ಆಚೆ ಬದಿಯಲ್ಲಿ ನಿರ್ಗಮ ಕಿರಣ, ಎಲ್ಲವೂ ಪೆನ್ಸಿಲ್‌ನಲ್ಲಿ ತೆಳುವಾಗಿ. ಗಾಜಿನ ವಕ್ರೀಭವನ ಸೂಚ್ಯಂಕ 1.5 ಎಂದಿಟ್ಟುಕೊಂಡು ಲೆಕ್ಕ ಮಾಡಿದ್ದೆವು. ಮೊದಲ ಅವಧಿಯಲ್ಲಿ ಮಕ್ಕಳು ಇದರ ಮೇಲೆ ಸೂಜಿ ಚುಚ್ಚಿ ಬಗ್ಗಿ ನೋಡಿದರು. ‘ಸರಿಯಾಗಿ ಕಾಣುವುದು’ ಎಂದರೇನು ಎಂಬುದು ಅವರ ಕಣ್ಣಿಗೆ ಗೊತ್ತಾಯಿತು. ನೆಲದ ಮೇಲಿನ ಕಡ್ಡಿಗೂ ಇರುವ ಉಪಯೋಗ ಅದೇ.

ಆ ಅವಧಿಯ ಕೊನೆಗೆ ಒಬ್ಬ ಹುಡುಗಿ ಕೈ ಎತ್ತಿದಳು. “ಸಾರ್, ಗೆರೆ ಮೇಲೇ ಚುಚ್ಚಿದೀನಿ, ಆದ್ರೆ ನೋಡಿದ್ರೆ ಸೂಜಿ ಒಂದರ ಹಿಂದೆ ಒಂದು ಬರ್ತಿಲ್ಲ” ಅಂದಳು. ಹೋಗಿ ನೋಡಿದರೆ ಪಕ್ಕದವರ ಮೊಣಕೈ ತಾಗಿ ಚಪ್ಪಡಿ ಸ್ವಲ್ಪ ತಿರುಗಿತ್ತು. ಪತನ ಕೋನ ಏಳೆಂಟು ಡಿಗ್ರಿ ಬದಲಾದರೆ 5 ಸೆಂಟಿಮೀಟರ್ ದಪ್ಪದ ಚಪ್ಪಡಿಯಲ್ಲಿ ನಿರ್ಗಮ ಕಿರಣ ಸುಮಾರು 3 ಮಿಲಿಮೀಟರ್ ಸರಿಯುತ್ತದೆ. ಅದೇ ಬೋರ್ಡಿನ ಸುತ್ತ ಕೂತಿದ್ದ ಉಳಿದ ಮೂವರು ಗೆರೆ ಮೇಲೆ ಚುಚ್ಚಿ, ನೋಡದೆಯೇ ‘ಆಯ್ತು’ ಎಂದು ಬರೆದುಕೊಂಡಿದ್ದರು. ಅವಳೊಬ್ಬಳು ಗೆರೆಗಿಂತ ಕಣ್ಣನ್ನು ನಂಬಿದ್ದಳು. ಗೆರೆಹಾಳೆ ಏನು ಕಲಿಸುತ್ತದೆ, ಏನನ್ನು ಮರೆಮಾಡುತ್ತದೆ ಎಂಬುದು ಆ ಒಂದೇ ಬೋರ್ಡಿನ ಮೇಲೆ ಕಾಣುತ್ತಿತ್ತು.

ಪ್ರಶ್ನೆ ಎದ್ದದ್ದು ಮೂರನೆಯ ಅವಧಿಗೆ. ಈ ಚಟುವಟಿಕೆಯನ್ನು ಆಂತರಿಕ ಮೌಲ್ಯಮಾಪನಕ್ಕೆ ತೆಗೆದುಕೊಳ್ಳುವುದಾಗಿ ಶಾಲೆಯ ವಿಜ್ಞಾನ ಶಿಕ್ಷಕಿ ಹೇಳಿದರು. ಎಸ್‌ಎಸ್‌ಎಲ್‌ಸಿಯಲ್ಲಿ ವಿಜ್ಞಾನದ 100 ಅಂಕಗಳಲ್ಲಿ 20 ಆಂತರಿಕ, ಅದರೊಳಗೆ ಇದೂ ಸೇರುತ್ತದೆ. ನನ್ನ ಪಾಠಯೋಜನೆಯಲ್ಲಿ ಅಂದು ಗೆರೆಹಾಳೆ ಇರಲಿಲ್ಲ. ಸಹಪಾಠಿಯ ಯೋಜನೆಯಲ್ಲಿ ಇತ್ತು. ಅವನ ವಾದವನ್ನು ನಾನು ಹಗುರವಾಗಿ ಕಾಣಲಾರೆ. “ಈ ಮಕ್ಕಳಿಗೆ ಗಾಜಿನ ಚಪ್ಪಡಿ ಮುಟ್ಟೋಕೆ ಸಿಗೋದೇ ವರ್ಷಕ್ಕೊಂದು ಸಲ. ಅಭ್ಯಾಸ ಆಗೋ ಮುಂಚೆ ಆಸರೆ ತೆಗೆದ್ರೆ, ಮನೇಲಿ ಟ್ಯೂಷನ್ ಇರೋರಷ್ಟೇ ಗೆಲ್ತಾರೆ” ಎಂದು ಅವನು ಹೇಳಿದ. ಅಷ್ಟರಲ್ಲಿ ನನ್ನ ವಿಭಾಗದ ಮಕ್ಕಳಿಗೆ ಸುದ್ದಿ ಮುಟ್ಟಿತ್ತು. “ಬಿ ಸೆಕ್ಷನ್‌ನವರಿಗೆ ಗೆರೆಹಾಳೆ ಇದೆಯಂತೆ, ನಮಗ್ಯಾಕಿಲ್ಲ ಸಾರ್?”

ಮಕ್ಕಳ ಈ ಮಾತಿಗೆ ಬೋಧನಶಾಸ್ತ್ರದ ಉತ್ತರ ಸಾಲದು. ಒಂದೇ ಮೈದಾನದಲ್ಲಿ, ಒಂದೇ ಪಟ್ಟಿಗೆ ಅಂಕ ಬರೆಯುವಾಗ, ಒಬ್ಬರ ಪಾದದ ಮುಂದೆ ಕಡ್ಡಿ ಇದ್ದು ಇನ್ನೊಬ್ಬರ ಮುಂದೆ ಇಲ್ಲದಿದ್ದರೆ ಆ ಅಂಕಕ್ಕೆ ಅರ್ಥವಿಲ್ಲ. ಗೆರೆಹಾಳೆ ಒಳ್ಳೆಯದೋ ಕೆಟ್ಟದೋ ಎಂಬುದು ಎರಡನೆಯ ಮಾತು. ಎಲ್ಲರಿಗೂ ಒಂದೇ ಷರತ್ತು ಇದೆಯೇ, ಅದನ್ನು ಮೊದಲೇ ಹೇಳಿದ್ದೇವೆಯೇ ಎಂಬುದು ಮೊದಲ ಮಾತು. ನಾವಿಬ್ಬರೂ ಶಿಕ್ಷಕಿಯ ಜೊತೆ ಕೂತು ಮಾತಾಡಿ ಹೀಗೆ ತೀರ್ಮಾನಿಸಿದೆವು. ಎರಡನೆಯ ಅವಧಿಯಲ್ಲಿ ಎರಡೂ ವಿಭಾಗಕ್ಕೆ ಅರ್ಧ ಗೆರೆಹಾಳೆ: ಪತನ ಕಿರಣ ಮಾತ್ರ ಇರುತ್ತದೆ, ಉಳಿದದ್ದನ್ನು ಅವರೇ ಕಂಡುಹಿಡಿಯಬೇಕು. ಮೂರನೆಯ ಅವಧಿಯಲ್ಲಿ ಎರಡೂ ವಿಭಾಗಕ್ಕೆ ಬಿಳಿ ಹಾಳೆ. ಇದನ್ನು ಹಿಂದಿನ ದಿನವೇ ಹೇಳುವುದು. ಅಂಕ ಕೊಡುವುದು 30 ಡಿಗ್ರಿ ಬಂತೇ ಎಂದು ನೋಡಿ ಅಲ್ಲ, ಬಗ್ಗಿ ನೋಡಿ ಸೂಜಿ ಹೊಂದಿಸಿದ ಕ್ರಮಕ್ಕೆ ಮತ್ತು ಕಂಡದ್ದನ್ನು ಕಂಡಂತೆ ಬರೆದದ್ದಕ್ಕೆ. ಸರಿಬಾರದವರಿಗೆ ಇನ್ನೊಂದು ದಿನ ಇನ್ನೊಂದು ಅವಕಾಶ.

ಒಂದು ವಿನಾಯಿತಿಯನ್ನೂ ಬರೆದುಕೊಂಡೆವು. ಸಹಪಾಠಿಯ ವಿಭಾಗದಲ್ಲಿ ಮಂದದೃಷ್ಟಿಯ ಹುಡುಗನೊಬ್ಬನಿದ್ದ. ಅವನಿಗೆ ದಪ್ಪ ಬಣ್ಣದ ತಲೆಯ ಸೂಜಿಗಳು, ಜೊತೆಗೊಬ್ಬ ಗೆಳೆಯ. ಗೆಳೆಯ ನೋಡಿ ‘ಎಡಕ್ಕೆ, ಇನ್ನೊಂಚೂರು’ ಎನ್ನಬಹುದು, ಆದರೆ ಸೂಜಿ ಚುಚ್ಚುವ ಕೈ, ಗೆರೆ ಎಳೆಯುವ ಕೈ ಆ ಹುಡುಗನದೇ. ಇದು ರಿಯಾಯಿತಿ ಆಗುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ಹೇಳಲು ಉತ್ತರ ಸಿದ್ಧವಿತ್ತು. 2023ರಲ್ಲಿ ಗಾಲ್ಫ್ ನಿಯಮಾವಳಿಗೆ ಅಂಗವೈಕಲ್ಯವಿರುವ ಆಟಗಾರರಿಗಾಗಿ 25ನೆಯ ನಿಯಮ ಸೇರಿಸಿದರು. ಬೇರೆಯವರಿಗೆ ನಿಷಿದ್ಧವಾದ ಸಹಾಯ ಅಂಧ ಆಟಗಾರನಿಗೆ ಅಲ್ಲಿ ಸಲ್ಲುತ್ತದೆ. ಸಹಾಯಕರು ದಿಕ್ಕು ಹೊಂದಿಸಿಕೊಡಬಹುದು, ಹಿಂದೆ ನಿಲ್ಲಬಹುದು. ಹೊಡೆತಕ್ಕೆ ಮಾತ್ರ ಕೈ ಹಾಕುವಂತಿಲ್ಲ. ಕಣ್ಣಿಂದ ದಿಕ್ಕು ಹಿಡಿಯುವುದು ಆಟದ ಪರೀಕ್ಷೆಯಾಗಿರುವುದು ಕಣ್ಣಿದ್ದವರಿಗೆ. ಅದಿಲ್ಲದವರಿಗೆ ಅದೇ ಷರತ್ತು ಹಾಕಿದರೆ ಸಮಾನತೆ ಬರುವುದಿಲ್ಲ, ಆಟವೇ ತಪ್ಪಿಹೋಗುತ್ತದೆ. ನಾವು ಸಮನ್ವಯ ಶಿಕ್ಷಣದ ಪತ್ರಿಕೆಯಲ್ಲಿ ಓದುವ ವಿಷಯವೇ ಇದು.

ಮೂರನೆಯ ಅವಧಿಯ ಫಲಿತಾಂಶ ನೋಡಲು ಅಂದವಾಗಿರಲಿಲ್ಲ. ಮೊದಲ ದಿನ ಎಲ್ಲರ ಪುಸ್ತಕದಲ್ಲೂ 30 ಮತ್ತು 30 ಇತ್ತು. ಈಗ ಕೆಲವರಿಗೆ ನಿರ್ಗಮ ಕೋನ 28 ಬಂತು, ಕೆಲವರಿಗೆ 32. ನಾಲ್ಕು ಮಕ್ಕಳಿಗೆ ಸೂಜಿ ಹೊಂದಲೇ ಇಲ್ಲ. ಆದರೆ ತರಗತಿಯಲ್ಲಿ ಅಂದು ತಲೆಗಳೆಲ್ಲ ಮೇಜಿನ ಮಟ್ಟದಲ್ಲಿದ್ದವು. ‘30ಕ್ಕೆ 30 ಬರ್ಬೇಕಲ್ವಾ, ನನಗ್ಯಾಕೆ 28?’ ಎಂಬ ಪ್ರಶ್ನೆಯಿಂದ ಅಳತೆಯ ದೋಷದ ಬಗ್ಗೆ ಹತ್ತು ನಿಮಿಷದ ಚರ್ಚೆಯಾಯಿತು. ಅದು ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ಗೆರೆಹಾಳೆ ಇದ್ದಿದ್ದರೆ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ನಾವು ಸಿದ್ಧಾಂತದ ತರಗತಿಯಲ್ಲಿ ‘ಆಸರೆ’ ಎಂದು ಓದುವ ಪರಿಕಲ್ಪನೆಯನ್ನು ಸಾಮಾನ್ಯವಾಗಿ ವೈಗಾಟ್‌ಸ್ಕಿಯ ಹೆಸರಿನ ಜೊತೆ ಬರೆಯುತ್ತೇವೆ. ಆ ಪದ ಈ ಅರ್ಥದಲ್ಲಿ ಹೆಸರಾದದ್ದು 1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್, ಗೇಲ್ ರಾಸ್ ಬರೆದ ಲೇಖನದಿಂದ. ಮೂರರಿಂದ ಐದು ವರ್ಷದ ಮಕ್ಕಳು ಮರದ ತುಂಡುಗಳಿಂದ ಪಿರಮಿಡ್ ಕಟ್ಟುವಾಗ ಹೇಳಿಕೊಡುವವರು ಎಷ್ಟು, ಹೇಗೆ ನೆರವಾಗುತ್ತಾರೆ ಎಂಬುದನ್ನು ಅವರು ನೋಡಿದ್ದರು. ಗಾರೆಯವರು ಕಟ್ಟುವ ಸಾರುವೆಯ ಹೋಲಿಕೆ ಅದು. ಸಾರುವೆಯ ಗುಣವೇ ಒಂದು ದಿನ ಬಿಚ್ಚುವುದು. ಚಲನ ಕೌಶಲದ ಕಲಿಕೆಯ ಬಗ್ಗೆ 1984ರಲ್ಲಿ ಸಾಲ್ಮೋನಿ, ಶ್ಮಿಟ್, ವಾಲ್ಟರ್ ಇನ್ನೊಂದು ಮಾತು ಹೇಳಿದರು. ಪ್ರತಿ ಸಲವೂ ಮಾರ್ಗದರ್ಶನ ಸಿಕ್ಕರೆ ಅಭ್ಯಾಸದ ಹೊತ್ತಿನಲ್ಲಿ ಸಾಧನೆ ಚೆನ್ನಾಗಿ ಕಾಣುತ್ತದೆ, ಆದರೆ ಕಲಿಯುವವನು ಅದಕ್ಕೇ ಒರಗಿಕೊಳ್ಳುತ್ತಾನೆ, ತೆಗೆದಾಗ ಕುಸಿಯುತ್ತಾನೆ. ಮೊದಲ ದಿನದ 30, 30ರ ಪುಸ್ತಕಗಳನ್ನು ನೋಡಿ ಖುಷಿಪಡುವ ಮೊದಲು ಇದು ನೆನಪಿರಬೇಕು.

ನಮ್ಮ ಪಾಠಯೋಜನೆಯ ನಮೂನೆಯಲ್ಲಿ ‘ಬೋಧನೋಪಕರಣ’ ಎಂಬ ಅಂಕಣವಿದೆ. ಚಾರ್ಟ್, ಮಾದರಿ, ಮಿಂಚುಪಟ್ಟಿ ಎಂದು ತುಂಬುತ್ತೇವೆ. ಅವನ್ನು ಯಾವ ಹಂತದಲ್ಲಿ ತರುತ್ತೇವೆ ಎಂದೂ ಬರೆಯುತ್ತೇವೆ. ಯಾವ ಹಂತದಲ್ಲಿ ತೆಗೆಯುತ್ತೇವೆ ಎಂದು ಬರೆಯಲು ಜಾಗವಿಲ್ಲ. ಹೀಗಾಗಿ ಗೋಡೆಯ ಮೇಲಿನ ಸೂತ್ರಗಳ ಚಾರ್ಟ್ ಘಟಕ ಪರೀಕ್ಷೆಯ ದಿನವೂ ಅಲ್ಲೇ ಇರುತ್ತದೆ, ಅಥವಾ ಮಕ್ಕಳಿಗೆ ಹೇಳದೆ ಆ ಬೆಳಿಗ್ಗೆ ಮಾಯವಾಗುತ್ತದೆ. ಎರಡೂ ಸರಿಯಲ್ಲ. ನಾನು ಈಗ ಅಂಚಿನಲ್ಲಿ ಮೂರು ಸಾಲು ಬರೆದುಕೊಳ್ಳುತ್ತೇನೆ: ಈ ಆಸರೆ ಎಲ್ಲಿಯವರೆಗೆ, ತೆಗೆಯುವುದು ಮಕ್ಕಳಿಗೆ ಯಾವಾಗ ಗೊತ್ತಾಗುತ್ತದೆ, ತೆಗೆದ ಮೇಲೂ ಯಾರಿಗೆ ಉಳಿಯಬೇಕು. ಉಳಿದದ್ದಕ್ಕೆ ಪ್ರತಿ ತರಗತಿಯಲ್ಲೂ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ. ಸೂಜಿ ಹೊಂದದ ಆ ನಾಲ್ವರಲ್ಲಿ ಇಬ್ಬರಿಗೆ ಎರಡನೆಯ ಅವಕಾಶದಲ್ಲಿ ಹೊಂದಿತು. ಇನ್ನಿಬ್ಬರಿಗೆ ಇನ್ನೂ ಒಂದು ಅವಧಿ ಬೇಕಿತ್ತು, ನಮ್ಮ ಬೋಧನಾಭ್ಯಾಸದ ದಿನಗಳು ಅಷ್ಟರಲ್ಲಿ ಮುಗಿದವು. ಅವರಿಬ್ಬರ ಹೆಸರನ್ನು ಶಿಕ್ಷಕಿಗೆ ಬರೆದುಕೊಟ್ಟು ಬಂದಿದ್ದೇನೆ.

ಕೊನೆಯದಾಗಿ ನಮ್ಮ ಬಗ್ಗೆಯೇ ಒಂದು ಮಾತು. ಪಾಠ ಮಾಡುವಾಗ ಮಾರ್ಗದರ್ಶಕರು ಕೊನೆಯ ಬೆಂಚಿನಲ್ಲಿ ಕೂತಿರುತ್ತಾರೆ. ಮೊದಲ ವಾರ ಅವರು ಕೈಸನ್ನೆ ಮಾಡುತ್ತಾರೆ, ಗಡಿಯಾರ ತೋರಿಸುತ್ತಾರೆ, ಕಪ್ಪುಹಲಗೆಯ ಕಡೆ ಕಣ್ಣು ಹಾಯಿಸುತ್ತಾರೆ. ಅದು ನಮಗೆ ಬೇಕು. ಆದರೆ ಅಂತಿಮ ಪಾಠದ ದಿನವೂ ನಾವು ಮಕ್ಕಳ ಮುಖ ಬಿಟ್ಟು ಆ ಬೆಂಚಿನ ಕಡೆಗೇ ನೋಡುತ್ತಿದ್ದರೆ ತರಗತಿ ಎತ್ತ ಹೋಗುತ್ತಿದೆ ಎಂಬುದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಒಳ್ಳೆಯ ಮಾರ್ಗದರ್ಶಕರು ಆ ದಿನ ತಲೆ ತಗ್ಗಿಸಿ ವೀಕ್ಷಣಾ ಪುಸ್ತಕದಲ್ಲಿ ಬರೆಯುತ್ತಾ ಕೂರುತ್ತಾರೆ. ಅದನ್ನು ಉದಾಸೀನ ಎಂದುಕೊಳ್ಳಬೇಕಾಗಿಲ್ಲ. ನಾವು ಪಾಠಕ್ಕೆ ನಿಂತಿದ್ದೇವೆ, ಅವರು ರೇಖೆಯಿಂದ ಪಕ್ಕಕ್ಕೆ ಸರಿದಿದ್ದಾರೆ.